ಶ್ರೀಮತಿಯಾ, ಕುಮಾರಿಯಾ? ಕೇಳೋಕೆ ನಾವ್ಯಾರು

ಕಳೆದ ಮಾರ್ಚ್ 8. ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ದಿನಾಚರಣೆ. ಶಾಮಿಯಾನ, ಫ್ಲೆಕ್ಸು, ಉಪ್ಪಿಟ್ಟು, ಶಿರಾ ಎಲ್ಲ ಇತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಗನವಾಡಿ ನಡೆಸಿ ನಿವೃತ್ತರಾದ ಒಬ್ಬರಿಗೆ ಸನ್ಮಾನ ಇಟ್ಟುಕೊಂಡಿದ್ದರು. ನಿರೂಪಕ ಮೈಕಿನಲ್ಲಿ "ಈಗ ಶ್ರೀಮತಿ..." ಅಂತ ಹೆಸರು ಕರೆದ. ಹಿಂದಿನ ಸಾಲಿನಿಂದ ಯಾರೋ "ಅವ್ರದು ಲಗ್ನ ಆಗಿಲ್ರೀ" ಅಂತ ಕೂಗಿದರು. ನಿರೂಪಕ ನಾಲಿಗೆ ಕಚ್ಚಿಕೊಂಡು "ಕ್ಷಮಿಸಬೇಕು, ಕುಮಾರಿ..." ಅಂತ ತಿದ್ದಿಕೊಂಡ. ಶಾಮಿಯಾನದ ತುಂಬ ನಗು. ಅರವತ್ತು ದಾಟಿದವರು ಕುಮಾರಿಯಂತೆ! ವೇದಿಕೆ ಮೇಲಿನ ಗಣ್ಯರೂ ನಕ್ಕರು. ಸುಳ್ಳು ಯಾಕೆ ಹೇಳಬೇಕು, ಮುಂದಿನ ಸಾಲಿನಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದ ನಾವೂ ನಕ್ಕೆವು.

ಅವರು ಶಾಲು ಹೊದಿಸಿಕೊಂಡರು, ಹಣ್ಣಿನ ಬುಟ್ಟಿ ಹಿಡಿದರು, ಫೋಟೊಕ್ಕೆ ನಿಂತರು. ನಗಲಿಲ್ಲ.

ಸಂಜೆ ವರದಿ ಕಳಿಸಿದೆವು. ಮರುದಿನ ಪತ್ರಿಕೆಯಲ್ಲಿ ಅವರ ಹೆಸರಿಗೆ ಮೊದಲು ಮತ್ತೆ 'ಶ್ರೀಮತಿ'. ಡೆಸ್ಕಿನವರು ಸೇರಿಸಿದ್ದಲ್ಲ, ನಾವೇ ಬರೆದಿದ್ದು. ಕಣ್ಣೆದುರು ಅಷ್ಟೆಲ್ಲ ನಡೆದ ಮೇಲೂ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಬೈಯಲಿಲ್ಲ. "ನನ್ನ ಹೆಸರಷ್ಟ ಹಾಕಿದ್ರ ಸಾಲತಿದ್ದಿಲ್ಲೇನ್ರಿ? ಊರಿನ ಕೂಸುಗಳಿಗೆಲ್ಲ ಕೈಯಾರೆ ಉಣ್ಣಾಕ ಹಾಕೇನಿ. ಎಲ್ಲಾರಿಗೂ ನೆನಪ ಉಳದದ್ದು ನಂದು ಲಗ್ನ ಆಗಿಲ್ಲ ಅನ್ನೂದೊಂದೇನು?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ತಿದ್ದುಪಡಿ ಹಾಕಿಸೋಣ ಎಂದರೆ ಅದರಲ್ಲಿ ಏನಂತ ಬರೆಯುವುದು? 'ಶ್ರೀಮತಿ ಎಂದು ಪ್ರಕಟವಾಗಿದೆ, ಕುಮಾರಿ ಎಂದು ಓದಿಕೊಳ್ಳಬೇಕು' ಅಂತಲೇ? ಅದು ಗಾಯಕ್ಕೆ ಉಪ್ಪು ಸವರಿದ ಹಾಗೆ.

ಆ ದಿನದಿಂದ ಈ ಮಾತು ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇವೆ. ಹೆಣ್ಣುಮಕ್ಕಳ ಹೆಸರಿಗೆ ನಾವು ಅಂಟಿಸುವ ಶ್ರೀಮತಿ, ಕುಮಾರಿ, ಸೌಭಾಗ್ಯವತಿ ಇವು ಮರ್ಯಾದೆಯ ಮಾತುಗಳಲ್ಲ. ಮದುವೆ ಆಗಿದೆಯೋ ಇಲ್ಲವೋ, ಗಂಡ ಇದ್ದಾನೋ ಸತ್ತಿದ್ದಾನೋ ಎಂಬ ವಿಚಾರಣೆ. ಆ ವಿಚಾರಣೆಯ ವರದಿಯನ್ನು ಹೆಸರಿನ ಜೊತೆ ಊರಿಗೆಲ್ಲ ಹಂಚುತ್ತೇವೆ, ಅಷ್ಟೇ. ಇದು ನಿಲ್ಲಬೇಕು.

ಗಂಡಸರಿಗೆ ಹೀಗೆ ಮಾಡುತ್ತೇವಾ? ಶಾಲೆಯ ಬಹುಮಾನ ಪಟ್ಟಿಯಲ್ಲಿ ಹುಡುಗನಿಗೆ 'ಕುಮಾರ' ಎಂದು ಬರೆಯುತ್ತಾರೆ. ಪಿಯುಸಿ ದಾಟಿದ ಕೂಡಲೇ ಕುಮಾರ ಹೋಗಿ 'ಶ್ರೀ' ಬರುತ್ತದೆ. ಅದಕ್ಕೆ ತಾಳಿ ಕಟ್ಟಬೇಕಿಲ್ಲ, ಮೀಸೆ ಬಂದರೆ ಸಾಕು. ಅಟಲ್ ಬಿಹಾರಿ ವಾಜಪೇಯಿ ಮದುವೆಯಾಗಲಿಲ್ಲ. ಪ್ರಧಾನಿಯಾದರು, ಭಾರತರತ್ನರಾದರು. ಅವರನ್ನು ಯಾವ ಪತ್ರಿಕೆಯೂ 'ಕುಮಾರ ವಾಜಪೇಯಿ' ಎಂದು ಬರೆಯಲಿಲ್ಲ. ಬರೆದಿದ್ದರೆ ಹುಚ್ಚು ಹಿಡಿದಿದೆ ಅನ್ನುತ್ತಿದ್ದೆವು. ಆದರೆ ಉತ್ತರ ಪ್ರದೇಶದಂಥ ರಾಜ್ಯಕ್ಕೆ ನಾಲ್ಕು ಸಲ ಮುಖ್ಯಮಂತ್ರಿಯಾದ ಮಾಯಾವತಿ ಅವರ ಹೆಸರಿಗೆ ಮೊದಲು 'ಕುಮಾರಿ' ಕೂತೇ ಇತ್ತು. ನಮಗೆ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಇನ್ನೊಂದು ತಮಾಷೆ ನೋಡಿ. 'ಶ್ರೀಮತಿ' ಎಂಬ ಪದದಲ್ಲಿ ಮದುವೆಯೇ ಇಲ್ಲ. ಶ್ರೀ ಅಂದರೆ ಸಂಪತ್ತು, ಶೋಭೆ. ಅದು ಉಳ್ಳವನು ಶ್ರೀಮಾನ್, ಉಳ್ಳವಳು ಶ್ರೀಮತಿ. ಎರಡೂ ಒಂದೇ ಮರದ ಕೊಂಬೆಗಳು. ಗಂಡಿನ ಕೊಂಬೆಗೆ ಯಾರೂ ಬಾಸಿಂಗ ಕಟ್ಟಲಿಲ್ಲ, ಹೆಣ್ಣಿನ ಕೊಂಬೆಗೆ ಮಾತ್ರ ತಾಳಿ ಕಟ್ಟಿದೆವು. ಈಗ ಅದೇ ಪದ 'ನನ್ನ ಶ್ರೀಮತಿ' ಎಂದರೆ 'ನನ್ನ ಹೆಂಡತಿ' ಅನ್ನುವಲ್ಲಿಗೆ ಬಂದು ಮುಟ್ಟಿದೆ. 'ನನ್ನ ಶ್ರೀಮಾನ್' ಎಂದು ಯಾರಾದರೂ ಗಂಡನನ್ನು ಪರಿಚಯಿಸಿದ್ದು ಕೇಳಿದ್ದೀರಾ?

ನಿಮ್ಮ ಮನೆಯಲ್ಲಿ ಮದುವೆಯ ಆಮಂತ್ರಣ ಪತ್ರಿಕೆಗಳಿದ್ದರೆ ತೆಗೆದು ನೋಡಿ. 'ಶ್ರೀಮತಿ ಮತ್ತು ಶ್ರೀ' ಅಂತ ಇರುತ್ತದೆ, ಆಮೇಲೆ ಗಂಡಸಿನ ಹೆಸರು ಒಂದೇ. ಒಂಬತ್ತು ತಿಂಗಳು ಹೊತ್ತು, ಹೆತ್ತು, ಮಗಳನ್ನು ಮದುವೆಯ ವಯಸ್ಸಿಗೆ ತಂದ ತಾಯಿಯ ಹೆಸರು ಮಗಳ ಮದುವೆಯ ಪತ್ರಿಕೆಯಲ್ಲೇ ಇಲ್ಲ! 'ಶ್ರೀಮತಿ' ಎಂಬ ಮೂರಕ್ಷರ ಉಳಿದಿದೆ, ಆ ಹೆಂಗಸು ಕಾಣೆ. ತಾಯಿ ವಿಧವೆಯಾಗಿದ್ದರೆ ಇನ್ನೂ ಕಷ್ಟ. ಎಷ್ಟೋ ಕಡೆ ಆಹ್ವಾನಿಸುವವರ ಸ್ಥಾನಕ್ಕೆ ದೊಡ್ಡಪ್ಪನೋ ಸೋದರಮಾವನೋ ಬಂದುಬಿಡುತ್ತಾರೆ. ಕೂಲಿ ಮಾಡಿ, ಸಂಘದಲ್ಲಿ ಸಾಲ ತೆಗೆದು ಮದುವೆ ಮಾಡುತ್ತಿರುವ ತಾಯಿ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿರುತ್ತಾಳೆ.

ಇದೆಲ್ಲ ಸಂಪ್ರದಾಯ, ಬಿಡಿ ಅನ್ನಬಹುದು. ಹಾಗಾದರೆ ಸರ್ಕಾರಿ ಕಾಗದಕ್ಕೆ ಬರೋಣ.

ನಮ್ಮ ಕಡೆಯ ಪೊಲೀಸ್ ಠಾಣೆಯ ಎಫ್‌ಐಆರ್ ಓದಿದವರಿಗೆ ಗೊತ್ತು. 'ಶಾಂತವ್ವ ಗಂಡ ಬಸಪ್ಪ, ವಯಸ್ಸು 45, ಉದ್ಯೋಗ: ಮನೆಗೆಲಸ.' ಹಳೆ ಮೈಸೂರು ಕಡೆ ಇದೇ 'ಶಾಂತಮ್ಮ ಕೋಂ ಬಸಪ್ಪ' ಆಗುತ್ತದೆ. ಗಂಡ ತೀರಿದ್ದರೆ 'ಕೋಂ ಲೇಟ್ ಬಸಪ್ಪ'. ಬಸಪ್ಪ ಸತ್ತು ಇಪ್ಪತ್ತು ವರ್ಷವಾಗಿರಬಹುದು, ಅಥವಾ ಬಿಟ್ಟು ಹೋಗಿ ಇನ್ನೊಂದು ಊರಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿರಬಹುದು. ಹೊಡೆದದ್ದಕ್ಕೆ ಅವನ ಮೇಲೆಯೇ ದೂರು ಕೊಡಲು ಬಂದಿದ್ದರೂ ದೂರಿನಲ್ಲಿ ಅವಳ ಗುರುತು ಅವನೇ. ಉದ್ಯೋಗದ ಸಾಲು ಇನ್ನೂ ಚಂದ. ಬೆಳಗಿನ ಜಾವ ಎದ್ದು ಹತ್ತಿ ಬಿಡಿಸಲು ಹೋಗುವವಳದ್ದು, ಎರಡು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವವಳದ್ದು, ಎಲ್ಲರದೂ 'ಮನೆಗೆಲಸ'.

ಠಾಣೆಯವರನ್ನು ದೂರಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಹಳೆಯ ವರದಿಗಳನ್ನು ತೆಗೆದು ಓದಿದೆವು. ಹೊಲದಲ್ಲಿ ಸಿಡಿಲು ಬಡಿದು ಗಂಡಸು ಸತ್ತರೆ 'ರೈತ ಸಾವು' ಎಂದು ಬರೆದಿದ್ದೇವೆ. ಅದೇ ಹೊಲದಲ್ಲಿ, ಅದೇ ಸಿಡಿಲಿಗೆ ಹೆಂಗಸು ಸತ್ತರೆ 'ಗೃಹಿಣಿ ಸಾವು'. ಹೊಲದಲ್ಲಿ ಸತ್ತವಳು ಗೃಹಿಣಿ ಹೇಗಾದಳು? ಬಿಡಿ ಸುದ್ದಿಗಾರರಿಗೆ ಅರ್ಧ ಗಂಟೆಯಲ್ಲಿ ಸುದ್ದಿ ಕಳಿಸುವ ಅವಸರ ಎಂಬುದು ನಿಜ. ಆದರೆ 'ಗೃಹಿಣಿ' ಬರೆಯಲು ಹಿಡಿಯುವಷ್ಟೇ ಹೊತ್ತು 'ರೈತ ಮಹಿಳೆ' ಬರೆಯಲೂ ಹಿಡಿಯುತ್ತದೆ.

ಕನ್ನಡದಲ್ಲಿ ಮರ್ಯಾದೆ ಹೆಸರಿನ ಮುಂಚೆ ಅಂಟಿಸುವ ಚೀಟಿಯಲ್ಲಿ ಇಲ್ಲ, ವಾಕ್ಯದ ಕೊನೆಯಲ್ಲಿದೆ. 'ಹೇಳಿದಳು' ಬೇರೆ, 'ಹೇಳಿದರು' ಬೇರೆ. 'ಬಾ' ಬೇರೆ, 'ಬರ್ರಿ' ಬೇರೆ. ಇದು ಹಳ್ಳಿಯ ಕೂಸಿಗೂ ಗೊತ್ತು. ಯಾವುದಾದರೂ ಸರ್ಕಾರಿ ಕಚೇರಿಯ ಕಿಟಕಿ ಹತ್ತಿರ ಒಂದು ತಾಸು ನಿಂತುಕೊಳ್ಳಿ. ಸೀರೆಗೆ ಪಿನ್ ಹಾಕಿ, ಹೆಗಲಿಗೆ ಬ್ಯಾಗು ತೂಗಿಸಿಕೊಂಡು ಬಂದವರಿಗೆ "ಬರ್ರಿ ಮೇಡಂ, ಏನಾಗಬೇಕಿತ್ತು?" ಅವರ ಹಿಂದೆ ನಿಂತ, ಕೂಲಿ ಬಿಟ್ಟು ಬಂದ ಎಪ್ಪತ್ತರ ಮುದುಕಿಗೆ "ಏನಬೇ, ಮತ್ತ ಬಂದಿ?" ಕಿಟಕಿಯ ಆಚೆ ಇರುವವನಿಗೆ ಮೂವತ್ತು ವರ್ಷ, ಅವನ ಅಜ್ಜಿಯ ವಯಸ್ಸು ಆಕೆಯದು. ಆ ಮುದುಕಿ ಯಾವ ಕೇರಿಯಿಂದ ಬಂದವಳು ಎಂದು ನಾವು ಹೇಳದಿದ್ದರೂ ನಿಮಗೆ ಗೊತ್ತಾಗಿರುತ್ತದೆ. ಹೆಂಗಸರ ಮರ್ಯಾದೆಯ ಮಾತು ಎತ್ತಿದರೆ ಜಾತಿಯ ಮಾತು ಬಿಟ್ಟು ಹೋಗಲಾಗದು. ಮೇಲಿನ ಓಣಿಯಲ್ಲಿ 'ಶ್ರೀಮತಿ ಬೇಕೋ ಬೇಡವೋ' ಎಂಬುದು ಚರ್ಚೆ. ಕೆಳಗಿನ ಓಣಿಯಲ್ಲಿ 'ನೀವು' ಎಂಬ ಎರಡಕ್ಷರಕ್ಕೇ ಬರ.

ಇದೇ ಕಿಟಕಿಯಲ್ಲಿ ಇನ್ನೊಂದು ಕೇಳಿ. ಗಂಡ ಸತ್ತವರಿಗೆ ಸರ್ಕಾರ ಕೊಡುವ ಪಿಂಚಣಿಯ ಹೆಸರು 'ನಿರ್ಗತಿಕ ವಿಧವಾ ವೇತನ'. ನಿರ್ಗತಿಕ, ಅದರ ಮೇಲೆ ವಿಧವೆ. ಹಣ ಕೈಗೆ ಬರುವ ಮೊದಲೇ ಎರಡು ಏಟು. 40ರಿಂದ 64 ವರ್ಷದ ಅವಿವಾಹಿತರು, ವಿಚ್ಛೇದಿತರಿಗೆ ಇದೇ ಸರ್ಕಾರ ಕೊಡುವ ಪಿಂಚಣಿಯ ಹೆಸರು 'ಮನಸ್ವಿನಿ'. ಅಂದರೆ ಹೆಸರಿಡುವಾಗ ಒಂದಿಷ್ಟು ಯೋಚಿಸಿದರೆ ನೋವಾಗದ ಪದ ಸಿಗುತ್ತದೆ ಎಂಬುದು ಇಲಾಖೆಗೇ ಗೊತ್ತು. ಒಂದು ಯೋಜನೆಗೆ ಸಿಕ್ಕ ಬುದ್ಧಿ ಇನ್ನೊಂದಕ್ಕೆ ಯಾಕೆ ಸಿಗಲಿಲ್ಲ?

ಹಾಗಂತ ಹೂವಿನಂಥ ಪದ ಹುಡುಕಿ ವಿಧವೆಗೆ ಅಂಟಿಸುವುದೂ ಪರಿಹಾರವಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 2023ರ ಏಪ್ರಿಲ್‌ನಲ್ಲಿ ಇಂಥದ್ದೇ ಪ್ರಯತ್ನ ನಡೆಯಿತು. 'ವಿಧವೆ' ಬದಲು 'ಗಂಗಾ ಭಾಗೀರಥಿ' ಎಂದು ಬಳಸುವ ಪ್ರಸ್ತಾವವನ್ನು ಅಲ್ಲಿನ ಸಚಿವರು ಮುಂದಿಟ್ಟರು. ಹೆಣ್ಣುಮಕ್ಕಳೇ ತಿರುಗಿಬಿದ್ದರು. ಸರಿಯಾಗಿಯೇ ಮಾಡಿದರು. ಗಂಗೆ ಎಂದರೂ ಭಾಗೀರಥಿ ಎಂದರೂ ಕೊನೆಗೆ ಹೇಳುವುದು 'ಇವಳಿಗೆ ಗಂಡ ಇಲ್ಲ' ಎಂದೇ ತಾನೆ? ಹೆಂಡತಿ ಸತ್ತ ಗಂಡಸಿಗೆ ಯಾವ ನದಿಯ ಹೆಸರಿದೆ?

ಇನ್ನು ನಮ್ಮ ಭಾಗದ ಇನ್ನೊಂದು ಕಹಿ. ದೇವದಾಸಿ ಪದ್ಧತಿಗೆ ಸಿಕ್ಕಿ ಹೊರಬಂದ ಹೆಂಗಸರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ. ಮುತ್ತು ಕಟ್ಟುವುದನ್ನು ನಿಷೇಧಿಸಿದ್ದು 1982ರ ಕಾಯ್ದೆ. ಇವರಿಗೆ ಶ್ರೀಮತಿಯೂ ಒಗ್ಗುವುದಿಲ್ಲ, ಕುಮಾರಿಯೂ ಒಗ್ಗುವುದಿಲ್ಲ. ಹಾಗಾಗಿ ನಮ್ಮ ಅಧಿಕಾರಿಗಳು ಮತ್ತು ನಮ್ಮಂಥ ಪತ್ರಕರ್ತರು ಸೇರಿ ಹೊಸ ಬಿರುದು ಕೊಟ್ಟಿದ್ದೇವೆ, 'ಮಾಜಿ ದೇವದಾಸಿ'. ಸ್ವಸಹಾಯ ಸಂಘ ಕಟ್ಟಿ ಹಪ್ಪಳ ಮಾರಿದರೂ ಮಾಜಿ ದೇವದಾಸಿ, ಮಗಳನ್ನು ನರ್ಸಿಂಗ್ ಓದಿಸಿದರೂ ಮಾಜಿ ದೇವದಾಸಿ. ಆಕೆಯನ್ನು ಅಲ್ಲಿಗೆ ನೂಕಿದವರಿಗೆ, ಅದರ ಸುಖ ಉಂಡವರಿಗೆ ಯಾವ 'ಮಾಜಿ'ಯೂ ಇಲ್ಲ. ಅವರು ಈಗಲೂ ಬರೀ ಶ್ರೀ.

"ಒಂದು ಪದಕ್ಕೆ ಇಷ್ಟು ರಂಪವೇ?" ಎಂದು ಕೇಳುವವರಿದ್ದಾರೆ. ಪದ ಪದವಾಗಿ ಉಳಿಯುವುದಿಲ್ಲ, ಜಮೀನಾಗುತ್ತದೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಆದರೆ ಒಂದು ಗೆರೆ ಎಳೆಯಿತು. ಆ ದಿನಕ್ಕಿಂತ ಮೊದಲೇ ಮದುವೆಯಾದ ಮಗಳಿಗೆ ಅದು ಇಲ್ಲ. ಅಂದರೆ ಒಂದೇ ತಾಯಿಯ ಮಕ್ಕಳಲ್ಲಿ ಕುಮಾರಿಗೆ ಪಾಲು, ಶ್ರೀಮತಿಗೆ ಅರಿಶಿನ ಕುಂಕುಮ. ಕೇಂದ್ರ ಸರ್ಕಾರದ 2005ರ ತಿದ್ದುಪಡಿ ಬಂದ ಮೇಲೆ ಮಗಳಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಹೋಯಿತು. ಮಗಳು ಹುಟ್ಟಿನಿಂದಲೇ ಪಾಲುದಾರಳು, 2005ಕ್ಕೆ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಕಾನೂನು ಆ ಗೆರೆ ಅಳಿಸಿದೆ. ಊರಿನ ಬಾಯಲ್ಲಿ ಮಾತ್ರ ಇನ್ನೂ ಇದೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂದು ಅಣ್ಣತಮ್ಮಂದಿರು ಈಗಲೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಪತ್ರದಲ್ಲಿ ಅಕ್ಕನ ಹೆಸರು ಹೇಗೆ ಶುರುವಾಗುತ್ತದೆ ಗೊತ್ತಲ್ಲ? 'ಶ್ರೀಮತಿ' ಎಂದೇ.

ಎರಡನೆಯ ತಕರಾರು ಕಂದಾಯ ಇಲಾಖೆಯ ಗೆಳೆಯರದ್ದು. "ಒಂದೇ ಊರಲ್ಲಿ ಹತ್ತು ಜನ ಶಾಂತವ್ವ ಇರುತ್ತಾರೆ. ಗಂಡನ ಹೆಸರು ಇಲ್ಲದಿದ್ದರೆ ಪಹಣಿಯಲ್ಲಿ ಯಾರು ಯಾರೆಂದು ಹೇಗೆ ತಿಳಿಯುವುದು?" ಈ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇವೆ. ಗಂಡ ಸತ್ತಾಗ ಪೌತಿ ಖಾತೆ ಮಾಡಿಸಲು ಸಂಬಂಧ ತೋರಿಸಲೇಬೇಕು. ಅದು ಆಕೆಯ ಹಕ್ಕಿನ ದಾಖಲೆ, ಬೇಡ ಎನ್ನುವವರು ನಾವಲ್ಲ. ಆದರೆ ಸಂಬಂಧಕ್ಕೆ ಬೇರೆ ಕಾಲಂ ಇಡಿ, ಹೆಸರಿನೊಳಗೆ ತುರುಕಬೇಡಿ. ಹತ್ತು ಜನ ಬಸಪ್ಪಂದಿರೂ ಇದ್ದಾರಲ್ಲ, ಅವರನ್ನು 'ಬಸಪ್ಪ ಹೆಂಡತಿ ಶಾಂತವ್ವ' ಎಂದು ಗುರುತು ಹಿಡಿಯುತ್ತೇವಾ? ಅಪ್ಪನ ಹೆಸರು, ಅಡ್ಡಹೆಸರು, ಸರ್ವೆ ನಂಬರು ಸಾಕಾಗುತ್ತದೆ. ಆಧಾರ್ ಕಾರ್ಡಿನಲ್ಲಿ ಹೆಸರಿಗೆ ಮೊದಲು ಶ್ರೀಮತಿ ಕುಮಾರಿ ಇಲ್ಲ, ಪ್ಯಾನ್ ಕಾರ್ಡಿನಲ್ಲೂ ಇಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ವಿಚ್ಛೇದಿತರು ಸಂಗಾತಿಯ ಹೆಸರು ಕೊಡಬೇಕಿಲ್ಲ ಎಂದು 2016ರ ಡಿಸೆಂಬರ್‌ನಲ್ಲೇ ವಿದೇಶಾಂಗ ಸಚಿವಾಲಯ ನಿಯಮ ಸಡಿಲಿಸಿತು. ಪಡಿತರ ಚೀಟಿಯನ್ನೇ ನೋಡಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ 18 ತುಂಬಿದವರಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. ಅಲ್ಲಿ ಕಾನೂನು ಕೇಳುವುದು ವಯಸ್ಸನ್ನು, ತಾಳಿಯನ್ನಲ್ಲ. ಇಷ್ಟೆಲ್ಲ ನಡೆಯುವಾಗ ಪಂಚಾಯಿತಿ ಸಭೆಯ ನಡಾವಳಿ ಮಾತ್ರ ಶ್ರೀಮತಿ ಇಲ್ಲದೆ ನಡೆಯುವುದಿಲ್ಲವೇ?

ಮೂರನೆಯದು, "ಹೆಂಗಸರಿಗೇ ಅದು ಇಷ್ಟ. ಸೌಭಾಗ್ಯವತಿ ಅಂದರೆ ಖುಷಿ ಪಡುತ್ತಾರೆ" ಎಂಬುದು. ಇರಬಹುದು. ಇಷ್ಟಪಡುವವರ ಹೆಸರಿನಿಂದ ಕಿತ್ತು ಹಾಕಿ ಎಂದು ನಾವು ಹೇಳುತ್ತಿಲ್ಲ. ತಮ್ಮ ಮನೆಯ ಪತ್ರಿಕೆಯಲ್ಲಿ ಚಿ.ಸೌ. ಬೇಕಾದವರು ಹಾಕಿಸಿಕೊಳ್ಳಲಿ, ಶುಭವಾಗಲಿ. ಕೇಳದೆ ಹಾಕಬೇಡಿ ಎಂಬುದಷ್ಟೇ ಮಾತು. ಅಂದಹಾಗೆ, ಆ ಖುಷಿಯ ಬುಡದಲ್ಲಿ ಒಂದು ಹೆದರಿಕೆಯೂ ಇದೆ. ಸೌಭಾಗ್ಯವತಿ ಎಂದು ಇವತ್ತು ಕರೆಸಿಕೊಂಡವಳಿಗೆ ನಾಳೆ ಗಂಡ ಸತ್ತರೆ ಆ ಪದ ಮರುದಿನವೇ ವಾಪಸ್ ಹೋಗುತ್ತದೆಂದು ಗೊತ್ತು. ಕುಂಕುಮದ ಬಟ್ಟಲು ಪಕ್ಕದವಳ ಮುಂದೆ ನಿಂತು ತನ್ನನ್ನು ದಾಟಿ ಹೋಗುತ್ತದೆಂದೂ ಗೊತ್ತು. ಗಂಡನ ಆಯಸ್ಸಿನ ಮೇಲೆ ನಿಂತ ಮರ್ಯಾದೆಯನ್ನು ಮರ್ಯಾದೆ ಅನ್ನಲು ನಮಗಂತೂ ಬಾಯಿ ಬರುವುದಿಲ್ಲ.

ಹಾಗಿದ್ದರೆ ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲವೇ? ಗದಗದ ಪಕ್ಕದ ಲಕ್ಕುಂಡಿಗೆ ಹೋಗಿ. ಅಲ್ಲಿಯ ದೊಡ್ಡ ಬಸದಿ ಕಟ್ಟಿಸಿದವರು ಅತ್ತಿಮಬ್ಬೆ. ಸಣ್ಣ ವಯಸ್ಸಿನಲ್ಲೇ ಗಂಡ ನಾಗದೇವನನ್ನು ಕಳೆದುಕೊಂಡವರು. ರನ್ನ ಕವಿಯಿಂದ ಅಜಿತಪುರಾಣ ಬರೆಸಿದರು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದರು ಎಂದು ಹೆಸರಾದರು. ಸಾವಿರ ವರ್ಷದ ಹಿಂದಿನ ನಾಡು ಆಕೆಗೆ ಕೊಟ್ಟ ಬಿರುದು 'ದಾನಚಿಂತಾಮಣಿ'. ಆಕೆ ಮಾಡಿದ ಕೆಲಸದಿಂದ ಬಂದ ಬಿರುದು ಅದು. 'ಅತ್ತಿಮಬ್ಬೆ ಕೋಂ ಲೇಟ್ ನಾಗದೇವ' ಎಂದು ಇವತ್ತು ಯಾರೂ ಹೇಳುವುದಿಲ್ಲ. ಹನ್ನೆರಡನೇ ಶತಮಾನದ ಮಹಾದೇವಿಯನ್ನು ನಾಡು ಕರೆದದ್ದು 'ಅಕ್ಕ' ಎಂದು. ಅರಮನೆ ಬಿಟ್ಟು ಬಂದವಳು ಶ್ರೀಮತಿಯೋ ಕುಮಾರಿಯೋ ಎಂದು ಲೆಕ್ಕ ಹಾಕುತ್ತ ಕೂತಿದ್ದರೆ ನಮಗೆ ಅಕ್ಕ ಸಿಗುತ್ತಿರಲಿಲ್ಲ.

ಶಾಲೆಯ ಮಕ್ಕಳೂ ಈ ಸಮಸ್ಯೆಯನ್ನು ಎಂದೋ ಬಗೆಹರಿಸಿದ್ದಾರೆ. ನಮ್ಮ ಕಡೆ ಗಂಡಸಾದರೆ ಮಾಸ್ತರು, ಹೆಂಗಸಾದರೆ ಅಕ್ಕೋರು. ಇಂಗ್ಲಿಷ್ ಶಾಲೆಯಲ್ಲಿ ಇಬ್ಬರು ಮಕ್ಕಳ ತಾಯಿಯೂ 'ಮಿಸ್', ನಿನ್ನೆ ಬಿ.ಇಡಿ. ಮುಗಿಸಿ ಬಂದವರೂ 'ಮಿಸ್'. ಇಂಗ್ಲಿಷಿನವರ ಲೆಕ್ಕದಲ್ಲಿ ಅದು ತಪ್ಪು. ನಮ್ಮ ಲೆಕ್ಕದಲ್ಲಿ ಸರಿಯಾಗಿದೆ. ಪಾಠ ಹೇಳುವವರ ಮದುವೆ ಕಟ್ಟಿಕೊಂಡು ಮಕ್ಕಳಿಗೇನು?

ಹಾಗಾಗಿ ನಾವು, ಅಂದರೆ ಈ ಬ್ಲಾಗಿಗೆ ಬರೆಯುವವರು, ಕೂತು ಮಾತಾಡಿ ಒಂದಷ್ಟು ತೀರ್ಮಾನ ಮಾಡಿಕೊಂಡಿದ್ದೇವೆ. ಯಾರದೇ ಹೆಸರಾಗಲಿ, ಹೆಸರು ಬರೆದು 'ಅವರು' ಎನ್ನುತ್ತೇವೆ. ಶಾಸಕಿಗೂ ಅದೇ, ಕಳೆ ಕೀಳುವವರಿಗೂ ಅದೇ. ಸುದ್ದಿಯಲ್ಲಿ ಇರುವವರು ಏನು ಮಾಡುತ್ತಾರೋ ಅದನ್ನು ಬರೆಯುತ್ತೇವೆ, ಆಶಾ ಕಾರ್ಯಕರ್ತೆ, ರೈತ ಮಹಿಳೆ, ಪಂಚಾಯಿತಿ ಅಧ್ಯಕ್ಷೆ ಹೀಗೆ. ಗಂಡನ ಹೆಸರು ಸುದ್ದಿಗೆ ಬೇಕಾದಾಗ ಮಾತ್ರ ಬರುತ್ತದೆ. ಎದುರಿಗೆ ಸಿಕ್ಕಾಗ ಅಕ್ಕಾರ, ಅವ್ವಾರ, ಅಮ್ಮ ಎನ್ನುತ್ತೇವೆ. ಏನಂತ ಕರೆಯಲಿ ಎಂದು ತಿಳಿಯದಿದ್ದರೆ ಅವರನ್ನೇ ಕೇಳುತ್ತೇವೆ. ಆದರೆ ಮೂವತ್ತರ ಹೆಣ್ಣುಮಗಳನ್ನು ಬಸ್ ಸ್ಟ್ಯಾಂಡಿನಲ್ಲಿ "ಆಂಟಿ" ಎಂದು ಕೂಗುವುದನ್ನು ಮಾತ್ರ ನಮ್ಮ ಹುಡುಗರು ದಯವಿಟ್ಟು ಬಿಡಬೇಕು.

ಫ್ಲೆಕ್ಸ್ ಮಾಡಿಕೊಡುವ ಅಂಗಡಿಯ ಹುಡುಗನಿಗೂ ಹೇಳಿ ಬಂದಿದ್ದೇವೆ. "ಶ್ರೀಮತಿ ಮೊದ್ಲ ಟೈಪ್ ಆಗಿ ರೆಡಿ ಇರತೈತ್ರಿ ಸರ, ಹೆಸರಷ್ಟ ಬದಲ ಮಾಡೂದು" ಅಂದ. ಅವನ ಕಂಪ್ಯೂಟರಿನಲ್ಲಿ ಇರುವುದೇ ನಮ್ಮ ತಲೆಯಲ್ಲೂ ಇರುವುದು. ಅಳಿಸಲು ಹೇಳಿದ್ದೇವೆ, ನೋಡಬೇಕು.

ಆ ಅಂಗನವಾಡಿ ಅಕ್ಕೋರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಚಹಾ ಕೊಟ್ಟರು. ಸನ್ಮಾನ ಪತ್ರ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ, ಅಟ್ಟದ ಮೇಲೆ ಇತ್ತು. ಗೋಡೆಯ ಮೇಲೆ ಮಾತ್ರ ಮಕ್ಕಳ ನಡುವೆ ಕೂತ ಅವರದ್ದೊಂದು ಹಳೆಯ ಫೋಟೊ, ಅದರ ಕೆಳಗೆ ಯಾವುದೋ ಹುಡುಗನ ಸೊಟ್ಟ ಅಕ್ಷರದಲ್ಲಿ 'ನಮ್ಮ ಅಕ್ಕೋರು' ಎಂದಿತ್ತು.

ಇನ್ನು ಮುಂದೆ ನಮ್ಮ ವರದಿಯಲ್ಲಿ ಎಲ್ಲಾದರೂ ಹಳೆಯ ಚಾಳಿ ಕಂಡರೆ ಫೋನ್ ಮಾಡಿ. ಬೆಳಿಗ್ಗೆ ಏಳಕ್ಕೆ ಮಾಡಿದರೂ ಸರಿಯೇ.